ಇಡಿಟಿಎ ಪ್ಲಾಸ್ಮಾ ಯಾಕೆ ಹೆಪ್ಪುಗಟ್ಟಿತು? ಸೋಂಕು ಮತ್ತು ರಕ್ತದ ಹೆಪ್ಪು: ಅಧ್ಯಯನ ಟಿಪ್ಪಣಿ

ಗದಗ ಸೀಮೆಯ ಎರೆ ಹೊಲದಲ್ಲಿ ಹಿಮ್ಮಡಿಗೆ ಜಾಲಿಮುಳ್ಳು ನಟ್ಟಿತು ಅನ್ನಿ. ಕಿತ್ತರೆ ಒಂದು ಹನಿ ರಕ್ತ, ಕೆಲವೇ ನಿಮಿಷಕ್ಕೆ ಅದೂ ನಿಲ್ಲುತ್ತದೆ. ಆ ಹೆಪ್ಪನ್ನು ಬರೀ ಬಿರಡೆ ಎಂದು ಓದಿಕೊಂಡರೆ ಅರ್ಧ ವಿಷಯ ಕೈಬಿಟ್ಟಂತೆ. ಮುಳ್ಳಿನ ಜೊತೆ ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಅಲ್ಲೇ ಹಿಡಿದಿಡುವ ಬಲೆಯೂ ಅದೇ, ಬಿಳಿ ರಕ್ತಕಣಗಳನ್ನು ಕರೆಯುವ ಕೂಗೂ ಅದೇ. ಇದಕ್ಕೆ ಇಮ್ಯುನೋಥ್ರಾಂಬೋಸಿಸ್ ಎಂಬ ಹೆಸರು 2013ರಿಂದ ರೂಢಿಗೆ ಬಂತು.

ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಎಲ್‌ಪಿಎಸ್ (ಅದರ ಹೊರಪೊರೆಯ ವಿಷಾಂಶ) ತಾಗಿದ ಮೊನೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ತನ್ನ ಮೈಮೇಲೆ ಟಿಶ್ಯೂ ಫ್ಯಾಕ್ಟರ್ (ಹೆಪ್ಪು ಶುರುಮಾಡುವ ಪ್ರೋಟೀನ್) ಮೂಡಿಸಿಕೊಳ್ಳುತ್ತದೆ. ಅಲ್ಲಿಂದ ಹೆಪ್ಪಿನ ಅಂಶಗಳಾದ 7ಎ, 10ಎ ಒಂದರ ಹಿಂದೊಂದು, ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ. ಥ್ರಾಂಬಿನ್‌ನ ಕೆಲಸ ಎರಡು ಎಂಬುದನ್ನು ಮರೆಯಬೇಡಿ. ಒಂದು ಕಡೆ ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಕತ್ತರಿಸಿ ಹೆಪ್ಪಿನ ಎಳೆಯಾದ ಫೈಬ್ರಿನ್ ಮಾಡುತ್ತದೆ. ಇನ್ನೊಂದು ಕಡೆ ರಕ್ತನಾಳದ ಒಳಪದರದ ಪಾರ್-1 ಗ್ರಾಹಕವನ್ನು ಎಬ್ಬಿಸುತ್ತದೆ, ಬಿಳಿಕಣಗಳನ್ನು ಹಿಡಿಯುವ ಪಿ-ಸೆಲೆಕ್ಟಿನ್ ಮೇಲೆ ಬರುತ್ತದೆ, ನ್ಯೂಟ್ರೋಫಿಲ್‌ಗಳು (ಇವೂ ಬಿಳಿಕಣಗಳೇ) ಅಲ್ಲಿ ತಗುಲಿಕೊಳ್ಳುತ್ತವೆ. ಅವು ತಮ್ಮ ಮೈಮೇಲಿನ ಮ್ಯಾಕ್-1 ಗ್ರಾಹಕದ ಮೂಲಕ ಫೈಬ್ರಿನ್ ಎಳೆಯನ್ನು ಹಿಡಿದು ಚುರುಕಾಗುತ್ತವೆ, ಕೆಲವು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಹೊರಚೆಲ್ಲುತ್ತವೆ. ಆ ಬಲೆ ಮತ್ತೆ ಹೆಪ್ಪನ್ನು ಬೆಳೆಸುತ್ತದೆ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಕೀವು ತರುವ ಬ್ಯಾಕ್ಟೀರಿಯಾ ಈ ಅಸ್ತ್ರವನ್ನೇ ಕದಿಯುತ್ತದೆ. ಅದರ ಕೊಯಾಗ್ಯುಲೇಸ್ ಎಂಬ ಪ್ರೋಟೀನ್, ಥ್ರಾಂಬಿನ್ ಆಗುವ ಮುಂಚಿನ ರೂಪವಾದ ಪ್ರೋಥ್ರಾಂಬಿನ್‌ಗೆ ಅಂಟಿ, ಕತ್ತರಿಸದೆಯೇ ಕೆಲಸಕ್ಕೆ ಹಚ್ಚುತ್ತದೆ. ಸಹಜ ಹೆಪ್ಪಿಗೆ ಬೇಕಾದ ಕ್ಯಾಲ್ಸಿಯಂ ಇದಕ್ಕೆ ಬೇಡ. ಇಡಿಟಿಎ (ಕ್ಯಾಲ್ಸಿಯಂ ಹಿಡಿದಿಟ್ಟು ಹೆಪ್ಪು ತಡೆಯುವ ರಾಸಾಯನಿಕ) ಹಾಕಿದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ತಾನಾಗಿ ಹೆಪ್ಪುಗಟ್ಟಲಾರದು, ಗಟ್ಟಿಯಾಯಿತೆಂದರೆ ಅದು ಬ್ಯಾಕ್ಟೀರಿಯಾದ ಕೆಲಸ. ಹೀಗೆ ಹುಟ್ಟಿದ ಕಿಣ್ವ ಫೈಬ್ರಿನ್ ಹೆಣೆಯುತ್ತದೆ, ಆದರೆ ಥ್ರಾಂಬಿನ್‌ನಂತೆ ಬಿಳಿಕಣಗಳನ್ನು ಕೂಗಿ ಕರೆಯುವುದಿಲ್ಲ. ಕುರುವಿನೊಳಗೆ ಬ್ಯಾಕ್ಟೀರಿಯಾ ಕಂಬಳಿ ಹೊದ್ದು ಕೂತಂತೆ. ಮಾತ್ರೆಯೊಂದರಿಂದಲೇ ದೊಡ್ಡ ಕೀವುಗಡ್ಡೆ ಕರಗುವುದಿಲ್ಲ, ಸೀಳಿ ಕೀವು ತೆಗೆಯಲೇಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಾಕ್ಟಿಕಲ್‌ನಲ್ಲಿ: 0.5 ಮಿ.ಲೀ. ಇಡಿಟಿಎ ಹಾಕಿದ ಮೊಲದ ಪ್ಲಾಸ್ಮಾಕ್ಕೆ ಕೆಲ ಹನಿ ಬ್ರಾತ್ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿದ ದ್ರವ), 37 ಡಿಗ್ರಿಯಲ್ಲಿ 4 ಗಂಟೆ. ನಳಿಕೆಯನ್ನು ಮೆಲ್ಲಗೆ ವಾಲಿಸಿ ನೋಡಿ, ಅಲುಗಾಡಿಸಿದರೆ ಎಳೆ ಹೆಪ್ಪು ಒಡೆಯುತ್ತದೆ. ನೇರ 24 ಗಂಟೆಗೇ ನೋಡಿದರೆ ಮೋಸ: ಇದೇ ಬ್ಯಾಕ್ಟೀರಿಯಾದ ಸ್ಟ್ಯಾಫಿಲೊಕೈನೇಸ್ ಎಂಬ ಇನ್ನೊಂದು ಪ್ರೋಟೀನ್ ಅಷ್ಟರಲ್ಲಿ ಹೆಪ್ಪನ್ನು ಕರಗಿಸಿರಬಹುದು. ಇಡಿಟಿಎ ಬದಲು ಸಿಟ್ರೇಟ್ (ಇದೂ ಕ್ಯಾಲ್ಸಿಯಂ ಹಿಡಿಯುವುದೇ) ಹಾಕಿದ ಪ್ಲಾಸ್ಮಾ ಬಳಸಿದರೆ ಸಿಟ್ರೇಟ್ ತಿನ್ನುವ ಬ್ಯಾಕ್ಟೀರಿಯಾ ಕ್ಯಾಲ್ಸಿಯಂ ಬಿಡಿಸಿ ಸುಳ್ಳು ಪಾಸಿಟಿವ್ ಕೊಡುತ್ತವೆ.

ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್‌ದು ತದ್ವಿರುದ್ಧ ದಾರಿ: ಸ್ಟ್ರೆಪ್ಟೊಕೈನೇಸ್‌ನಿಂದ ಫೈಬ್ರಿನ್ ಬೇಲಿಯನ್ನೇ ಕರಗಿಸಿ ಹರಡುತ್ತದೆ.

ಹೆಪ್ಪು ಇದ್ದಲ್ಲೇ ನಿಲ್ಲದೆ ಮೈತುಂಬ ಸಣ್ಣ ನಾಳಗಳಲ್ಲಿ ಕಟ್ಟಿದರೆ ಅದಕ್ಕೆ ಡಿಐಸಿ ಎನ್ನುತ್ತಾರೆ. ಪ್ಲೇಟ್‌ಲೆಟ್ ಇಳಿಯುತ್ತದೆ, ಪಿಟಿ (ಪ್ಲಾಸ್ಮಾ ಹೆಪ್ಪುಗಟ್ಟಲು ಹಿಡಿಯುವ ಸಮಯ) ಉದ್ದವಾಗುತ್ತದೆ, ಡಿ-ಡೈಮರ್ (ಫೈಬ್ರಿನ್ ಕರಗಿದಾಗ ಉಳಿಯುವ ಚೂರು) ಏರುತ್ತದೆ. ಫೈಬ್ರಿನೋಜೆನ್ ಸಹಜ ಮಿತಿಯಾದ 200–400 ಮಿ.ಗ್ರಾಂ/ಡೆ.ಲೀ. ಒಳಗಿದೆ ಎಂದು ಸಮಾಧಾನಪಡಬೇಡಿ. ಸೋಂಕಿನಲ್ಲಿ ಲಿವರ್ ಅದನ್ನು ಹೆಚ್ಚು ತಯಾರಿಸುವುದರಿಂದ, ಖರ್ಚಾಗುತ್ತಿದ್ದರೂ ಅಂಕಿ ಸರಿಯಾಗೇ ಕಾಣುತ್ತದೆ. ದಿನದಿಂದ ದಿನಕ್ಕೆ ಪ್ಲೇಟ್‌ಲೆಟ್ ಎತ್ತ ಹೊರಟಿದೆ ಎಂದು ನೋಡುವುದೇ ಹೆಚ್ಚು ನಂಬಿಕೆಯ ದಾರಿ. ಹೆಪ್ಪು ತಡೆದರೆ ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ತಗ್ಗೀತು ಎಂಬ ಆಸೆಯಿಂದ 2001ರಲ್ಲಿ ಬಂದ ಆ್ಯಕ್ಟಿವೇಟೆಡ್ ಪ್ರೋಟೀನ್ ಸಿ ಔಷಧ, ಪ್ರಾಣ ಉಳಿಸುವ ಲಾಭ ಕಾಣದೆ 2011ರಲ್ಲಿ ಹಿಂತೆಗೆಯಲ್ಪಟ್ಟಿತು.

ರಾಣೆಬೆನ್ನೂರು, ಶಿರಹಟ್ಟಿ ಕಡೆಯಿಂದ ಹುಬ್ಬಳ್ಳಿಗೆ ಸ್ಯಾಂಪಲ್ ಕಳಿಸುವವರು ಗಮನಿಸಿ: ಪಿಟಿಗೆ ನೀಲಿ ಮುಚ್ಚಳದ ನಳಿಕೆ, ರಕ್ತ 9 ಪಾಲು, ಸಿಟ್ರೇಟ್ 1 ಪಾಲು. ಅರ್ಧ ತುಂಬಿದ ನಳಿಕೆಯಲ್ಲಿ ಸಿಟ್ರೇಟ್ ಹೆಚ್ಚಾಗಿ ಪಿಟಿ ಸುಳ್ಳೇ ಉದ್ದ ತೋರುತ್ತದೆ, ಇಲ್ಲದ ಡಿಐಸಿ ಹಾಳೆಯ ಮೇಲೆ ಹುಟ್ಟುತ್ತದೆ. ಗೆರೆಯವರೆಗೆ ತುಂಬಿ, ಮೂರ್ನಾಲ್ಕು ಸಲ ಮೆಲ್ಲಗೆ ತಿರುವಿ, ಐಸ್‌ನಲ್ಲಿಡದೆ ಕಳಿಸಿ.