ಒಂದೇ ಡ್ರಮ್ಮಿನಲ್ಲಿ ಎರಡು ಸ್ವರ

ಡ್ರಮ್ ಸೆಟ್ಟಿನ ಟಾಮ್‌ಗೆ (ಮೇಲೂ ಕೆಳಗೂ ಹಾಳೆ ಬಿಗಿದ ಡ್ರಮ್) ಹೊಸ ಹೆಡ್, ಅಂದರೆ ಬಡಿಯುವ ಹಾಳೆ, ಹಾಕಿ ಒಂದು ಏಟು ಕೊಟ್ಟು ಕಿವಿಗೊಡಿ. ಎಷ್ಟೋ ಸಲ ಸದ್ದು ನೇರವಾಗಿ ಆರುವುದಿಲ್ಲ. ‘ವಾಂವ್... ವಾಂವ್...’ ಎಂದು ಏರಿಳಿಯುತ್ತದೆ. ತುಂಬ ಜನ ಆಗ ಹೆಡ್ ಮೇಲೆ ಟೇಪ್ ಅಂಟಿಸಿ ಸದ್ದನ್ನೇ ಅಡಗಿಸಿಬಿಡುತ್ತಾರೆ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ಒಳ್ಳೆಯ ಡ್ರಮ್ ಸುಮ್ನೆ ಮೂಕವಾಗುತ್ತದೆ.

ತಂತಿಯ ಕಂಪನಗಳು ಮೂಲ ಸ್ವರದ 2, 3, 4 ಪಟ್ಟು ಎಂದು ಸಾಲಾಗಿ ಬರುತ್ತವೆ. ಬಿಗಿದ ದುಂಡು ಹಾಳೆಯದು ಹಾಗಲ್ಲ. ಲೆಕ್ಕದ ಪ್ರಕಾರ ಅಲ್ಲಿ 1.59, 2.14, 2.30 ಪಟ್ಟು. ಒಂದಕ್ಕೊಂದು ಕೂಡುವುದಿಲ್ಲ. ಡ್ರಮ್ಮಿನ ಸ್ವರವನ್ನು ಹಾಡಿ ತೋರಿಸುವುದು ಕಷ್ಟ ಅಲ್ವಾ, ಕಾರಣ ಇದೇ.

ನಮಗೆ ಬೇಕಾದದ್ದು ಆ 1.59. ಅದರಲ್ಲಿ ಹೆಡ್ಡಿನ ಅರ್ಧ ಮೇಲೆದ್ದಾಗ ಇನ್ನರ್ಧ ಕೆಳಗಿಳಿಯುತ್ತದೆ, ತಕ್ಕಡಿಯ ತಟ್ಟೆಗಳ ಹಾಗೆ. ನಡುವೆ ಅಲುಗದ ಒಂದು ಗೆರೆ ಇರುತ್ತದೆ. ಸುತ್ತಲೂ ಬಿಗಿ ಒಂದೇ ಇದ್ದರೆ ಗೆರೆ ಯಾವ ದಿಕ್ಕಿಗಿದ್ದರೂ ಸ್ವರ ಒಂದೇ. ಬಿಗಿ ಹೆಚ್ಚುಕಡಿಮೆಯಾದರೆ ಒಂದು ದಿಕ್ಕಿಗೆ ಒಂದು ಸ್ವರ, ಅದರ ಅಡ್ಡಕ್ಕೆ ಇನ್ನೊಂದು. ಒಂದು ಸ್ವರ ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಕಂಪಿಸಿದರೆ ಸದ್ದು ಸೆಕೆಂಡಿಗೆ 3 ಸಲ ಏರಿ ಇಳಿಯುತ್ತದೆ. ನಮ್ಮ ‘ವಾಂವ್’ ಹುಟ್ಟುವುದು ಹೀಗೆ.

ಹಾಗಾಗಿ ಮೊದಲು ಸ್ವರ ಹುಡುಕಬೇಡಿ, ಬಿಗಿ ಸಮ ಮಾಡಿ. ಹೆಡ್ ಬಿಗಿಯಲು ಅಂಚಿನ ಸುತ್ತ ಇರುವ ಸ್ಕ್ರೂಗಳನ್ನೆಲ್ಲ ಬೆರಳಲ್ಲೇ ತಿರುಗಿಸಿ. ಆಮೇಲೆ ಕೀಯಿಂದ (ಆ ಸ್ಕ್ರೂ ತಿರುಗಿಸುವ ಸಾಧನ) ಕಾಲು ಸುತ್ತು, ಎದುರುಬದುರಾಗಿ. ಈಗ ಹೆಡ್ಡಿನ ನಡುವೆ ಬೆರಳನ್ನು ಹಗುರವಾಗಿ ಇಟ್ಟು, ಪ್ರತಿ ಸ್ಕ್ರೂ ಹತ್ತಿರ, ಅಂಚಿನಿಂದ ಎರಡು ಬೆರಳು ಒಳಗೆ ತಟ್ಟಿ. ನಡುವೆ ಬೆರಳು ಏಕೆ? ಮೂಲ ಸ್ವರಕ್ಕೆ ನಡುಭಾಗವೇ ಜಾಸ್ತಿ ಕುಣಿಯುತ್ತದೆ, ಬೆರಳಿಟ್ಟರೆ ಅದು ಅಡಗುತ್ತದೆ. ಅಲುಗದ ಗೆರೆ ನಡುವಿನಿಂದಲೇ ಹಾದುಹೋಗುವುದರಿಂದ 1.59 ಅಡಗದೆ ಉಳಿಯುತ್ತದೆ. ಎಷ್ಟು ಚೆಂದದ ಉಪಾಯ!

ಸ್ವರ ಇಳಿದಿರುವ ಕಡೆ ತುಸು ಬಿಗಿ ಮಾಡಿ. ಒಂದು ಸ್ಕ್ರೂ ಮುಟ್ಟಿದರೆ ಎದುರಿನದೂ ಬದಲಾಗುತ್ತದೆ, ಎಲ್ಲ ಸ್ಕ್ರೂಗಳನ್ನೂ ಎರಡು ಮೂರು ಸಲ ನೋಡಲೇ ಬೇಕು.

ಸ್ವರವನ್ನು ಇಮ್ಮಡಿ ಏರಿಸಲು ಬಿಗಿ ನಾಲ್ಕು ಪಟ್ಟಾಗಬೇಕು. ದೊಡ್ಡ ಟಾಮ್ ಅನ್ನು ಚಿಕ್ಕದರ ಹಾಗೆ ನುಡಿಸಲು ಹೋಗಬೇಡಿ.

ಕೆಳಗಿನ ಹೆಡ್ಡಿಗೂ ಇದೇ ಕೆಲಸ. ಒಳಗಿನ ಗಾಳಿ ಎರಡೂ ಹೆಡ್ಡುಗಳನ್ನು ಕಟ್ಟಿಹಾಕಿರುತ್ತದೆ. ಒಂದನ್ನು ಸರಿಮಾಡುವಾಗ ಇನ್ನೊಂದು ಮೆತ್ತನೆಯ ಬಟ್ಟೆಯ ಮೇಲಿರಲಿ, ಇಲ್ಲದಿದ್ದರೆ ಎರಡರ ಸದ್ದೂ ಬೆರೆತು ಕಿವಿ ಮೋಸಹೋಗುತ್ತದೆ.