ಎಸಿ ಗ್ಯಾಸ್ ಸವೆಯುವುದಿಲ್ಲ

ಏಪ್ರಿಲ್ ಕೊನೆಯ ವಾರ, ಕೋಲಾರದ ಕಡೆ ಒಂದು ಕಲ್ಯಾಣ ಮಂಟಪ. ಮುಹೂರ್ತಕ್ಕೆ ಇನ್ನೂ ಗಂಟೆ ಇರುವಾಗಲೇ ಬಂದವರೆಲ್ಲ ಲಗ್ನಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತಿರುತ್ತಾರೆ. ಮ್ಯಾನೇಜರ್ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳುವ ಮಾತು ಎಲ್ಲ ಕಡೆಯೂ ಒಂದೇ: "ಗ್ಯಾಸ್ ಕಮ್ಮಿಯಾಗಿರಬೇಕು, ಒಂಚೂರು ಹಾಕ್ಬಿಡಿ."

ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಎಲ್ಲೂ ಸೋರದಿದ್ದರೆ ಮೊದಲ ದಿನ ತುಂಬಿದಷ್ಟೇ ಹತ್ತು ವರ್ಷದ ಮೇಲೂ ಇರುತ್ತದೆ. ತಂಪು ಕಡಿಮೆಯಾದಾಗ ಮೊದಲು ಅನುಮಾನಿಸಬೇಕಾದದ್ದು ಗಾಳಿಯ ದಾರಿಯನ್ನು.

ಏಕೆಂದರೆ ಯಂತ್ರದ ಕೆಲಸವೆಲ್ಲ ಬಿಸಿಯನ್ನು ಒಂದು ಗಾಳಿಯಿಂದ ತೆಗೆದು ಇನ್ನೊಂದು ಗಾಳಿಗೆ ದಾಟಿಸುವುದು. ಇಂಥ ಅನೇಕ ಯಂತ್ರಗಳಲ್ಲಿರುವ ಆರ್-410ಎ ಎಂಬ ಗ್ಯಾಸ್ ಬಯಲಲ್ಲಿ ಬಿಟ್ಟರೆ ಮೈನಸ್ 51 ಡಿಗ್ರಿಯಲ್ಲೇ ಕುದಿಯುತ್ತದೆ. ಒತ್ತಡ ಏರಿಸಿದಷ್ಟೂ ಕುದಿಯುವ ಬಿಂದು ಮೇಲೇರುತ್ತದೆ. ಒಳಗಿನ ಕಾಯಿಲ್‌ನಲ್ಲಿ, ಅಂದರೆ ಗ್ಯಾಸ್ ಹರಿಯುವ ಸುರುಳಿ ಕೊಳವೆಯಲ್ಲಿ, ಒತ್ತಡ ಸುಮಾರು 118 ಪಿಎಸ್‌ಐ (ಗೇಜಿನಲ್ಲಿ ಕಾಣುವ ಒತ್ತಡದ ಅಳತೆ) ಇದ್ದರೆ ಅದು 4-5 ಡಿಗ್ರಿಯಲ್ಲಿ ಕುದಿದು ಹಾಲ್‌ನ ಬಿಸಿಯನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ 400 ಪಿಎಸ್‌ಐ ದಾಟಿಸಿ ಒತ್ತಿದಾಗ 50 ಡಿಗ್ರಿಯ ಹತ್ತಿರ ಮತ್ತೆ ದ್ರವವಾಗಿ, ಹೀರಿದ ಬಿಸಿಯನ್ನು ತಾರಸಿಯ ಮೇಲೆ ಬಿಡುತ್ತದೆ. ಎರಡೂ ಕಡೆ ಕಾಯಿಲ್ ಮೇಲೆ ಗಾಳಿ ಧಾರಾಳವಾಗಿ ಹರಿಯಬೇಕು. ತುಮಕೂರು, ಕೋಲಾರ ಎರಡೂ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿವೆ, ಚಿಕ್ಕಬಳ್ಳಾಪುರ 900ರ ಆಸುಪಾಸು. ಇಷ್ಟು ಎತ್ತರದಲ್ಲಿ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಫ್ಯಾನ್ ಅಷ್ಟೇ ವೇಗದಲ್ಲಿ ತಿರುಗಿದರೂ ಬಿಸಿ ಹೊರುವ ಗಾಳಿಯ ತೂಕ ಅಷ್ಟು ಕಡಿಮೆ. ಅದಕ್ಕೇ ಇಲ್ಲಿ ಗಾಳಿಗೆ ಸ್ವಲ್ಪ ಅಡ್ಡಿಯಾದರೂ ಯಂತ್ರಕ್ಕೆ ಬೇಗ ತಟ್ಟುತ್ತದೆ.

ಆ ಅಡ್ಡಿಯನ್ನು ಎಷ್ಟೋ ಸಲ ಒಳ್ಳೆಯ ಉದ್ದೇಶದಿಂದ ನಾವೇ ಕಟ್ಟಿರುತ್ತೇವೆ. ದುಬಾರಿ ಯಂತ್ರ ಬಿಸಿಲಲ್ಲಿ ಒಣಗುತ್ತಿದೆಯಲ್ಲ ಎಂದು ಮೇಲೆ ತಗಡಿನ ಶೀಟ್ ಹೊದಿಸುತ್ತಾರೆ. ಮೇಲ್ಮುಖವಾಗಿ ಹೊರಬಂದ ಬಿಸಿಗಾಳಿ ಶೀಟಿಗೆ ಬಡಿದು, ಕೆಳಗಿಳಿದು, ಪಕ್ಕದಿಂದ ಮತ್ತೆ ಅದೇ ಕಾಯಿಲ್‌ಗೆ ನುಗ್ಗುತ್ತದೆ. ನೆರಳಿನಲ್ಲಿ 36 ಡಿಗ್ರಿ ಇರುವ ದಿನವೂ ಕಾಯಿಲ್‌ಗೆ ಸಿಗುವುದು 45 ಡಿಗ್ರಿಯ ಗಾಳಿ. ಆಗ ಗ್ಯಾಸ್ ದ್ರವವಾಗಲು 60 ಡಿಗ್ರಿಯವರೆಗೆ ಏರಬೇಕು, ಒತ್ತಡ 540 ಪಿಎಸ್‌ಐ ಮುಟ್ಟುತ್ತದೆ, ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಇಂಥ ಹೊತ್ತಿನಲ್ಲಿ "ಒಂಚೂರು ಗ್ಯಾಸ್" ಹಾಕಿದರೆ ಒತ್ತಡ ಇನ್ನೂ ಏರಿ, 600 ದಾಟಿ, ಹೈ ಪ್ರೆಶರ್ ಸ್ವಿಚ್ ಟ್ರಿಪ್ ಆಗಿ ಯಂತ್ರ ನಿಲ್ಲುತ್ತದೆ. ಶೀಟ್ ಬಿಚ್ಚಿಸುವುದು ಮೊದಲ ಕೆಲಸ. ಹೊರಗಿಡಲೆಂದೇ ಮಾಡಿದ ಯಂತ್ರಕ್ಕೆ ಬಿಸಿಲಿನ ಹೆದರಿಕೆಯಿಲ್ಲ. ತಲೆಯ ಮೇಲೆ ಆಕಾಶ, ಸುತ್ತ ಒಂದೂವರೆ ಮೀಟರ್ ಬಯಲು ಬಿಡಿ.

ಇನ್ನು ಧೂಳು. ಡಿಸೆಂಬರ್-ಜನವರಿಯಲ್ಲಿ ರಾಗಿ ಒಕ್ಕಣೆಯ ಹೊಟ್ಟು, ಚಿಕ್ಕಬಳ್ಳಾಪುರದ ಕ್ರಷರ್‌ಗಳ ಕಲ್ಲುಪುಡಿ, ತಿಪಟೂರು ಕಡೆಯ ತೆಂಗಿನ ನಾರು, ಬೇಸಿಗೆಯಲ್ಲಿ ಹಾರುವ ಬೂರುಗದ ಅರಳೆ. ಇವೆಲ್ಲ ಹೊರಗಿನ ಕಾಯಿಲ್‌ನ ತೆಳು ರೆಕ್ಕೆಗಳ ನಡುವೆ ಸೇರಿ ಕಂಬಳಿಯಂತೆ ಕೂರುತ್ತವೆ. ಕಾಯಿಲ್ ಎರಡು ಪದರ ಇದ್ದರೆ ಕೊಳೆ ನಡುವೆ ಅಡಗಿರುತ್ತದೆ, ಹೊರಗಿನಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣುತ್ತದೆ.

ತೊಳೆಯುವುದಕ್ಕೂ ಕ್ರಮವಿದೆ. ಯಂತ್ರಕ್ಕೆ ಕರೆಂಟ್ ಕಡಿಯುವ ಮೇನ್ ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಕೆಳಗಿರುವವರು ಯಾರೋ ಸ್ವಿಚ್ ಒತ್ತಿಬಿಡುವ ಅಪಾಯ ನಿಜವಾದದ್ದು. ಬೆಳಿಗ್ಗೆ ಕಾಯಿಲ್ ತಣ್ಣಗಿರುವಾಗ, ಫ್ಯಾನ್ ಬಿಚ್ಚಿಟ್ಟು, ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಒಳಗಿನಿಂದ ಹೊರಕ್ಕೆ, ಸಾಮಾನ್ಯ ಪೈಪಿನ ನೀರು ಬಿಡಿ. ಹೊರಗಿನಿಂದ ಹೊಡೆದರೆ ಕೊಳೆ ಇನ್ನಷ್ಟು ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಕಾರು ತೊಳೆಯುವ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ದಾರಿಯೇ ಮುಚ್ಚುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪೊರೆ ಕೂರುವುದನ್ನು ಎಲ್ಲರೂ ನೋಡಿದ್ದೇವೆ. ಬಿಸಿ ಕಾಯಿಲ್ ಮೇಲೂ ಅದೇ ಪೊರೆ ಕಟ್ಟುತ್ತದೆ. ಸಂಪಿನ ಮಳೆನೀರೋ ಸಾಫ್ಟನರ್ ನೀರೋ ಇದ್ದರೆ ಅದನ್ನೇ ಬಳಸಿ. ಬೇಸಿಗೆಯಲ್ಲಿ ತಂಪಾಗಲಿ ಎಂದು ಬೋರ್ ನೀರಿನ ಸ್ಪ್ರಿಂಕ್ಲರ್ ಕಟ್ಟುವುದಂತೂ ಬೇಡವೇ ಬೇಡ: ಅವತ್ತಿಗೆ ಲಾಭ ಕಾಣುತ್ತದೆ, ಎರಡು ಬೇಸಿಗೆಯಲ್ಲಿ ಕಾಯಿಲ್ ಸುಣ್ಣಗಟ್ಟುತ್ತದೆ.

ಒಳಗಾಳಿಯ ಲೆಕ್ಕ ಟನ್ನಿಗೆ (ತಂಪು ಮಾಡುವ ಶಕ್ತಿಯ ಅಳತೆ) ನಿಮಿಷಕ್ಕೆ 400 ಘನ ಅಡಿ. 10 ಟನ್ ಯಂತ್ರಕ್ಕೆ 4000. ಇದು ಸಿಗುತ್ತಿದೆಯೇ ಎಂದು ತಿಳಿಯಲು ಎರಡು ಥರ್ಮಾಮೀಟರ್ ಸಾಕು. ಹಾಲ್‌ನಿಂದ ಹಿಂದಿರುಗುವ ಗಾಳಿಗೂ ಹಾಲ್‌ಗೆ ಬರುವ ತಂಪುಗಾಳಿಗೂ 8ರಿಂದ 11 ಡಿಗ್ರಿ ಅಂತರ ಇರಬೇಕು. ಅಂತರ ಇದಕ್ಕಿಂತ ಹೆಚ್ಚಿದ್ದು ಗಾಳಿ ಮಂದವಾಗಿದ್ದರೆ ಫಿಲ್ಟರ್ ಕಟ್ಟಿದೆ ಅಥವಾ ಹಾಲ್‌ಗೆ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ತಿರುಗಿಸುವ ಬೆಲ್ಟ್ ಜಾರುತ್ತಿದೆ. ಇದು ಮುಂದುವರಿದರೆ ಕಾಯಿಲ್ ಶೂನ್ಯ ಡಿಗ್ರಿಗಿಂತ ಕೆಳಗಿಳಿದು ಮಂಜುಗಡ್ಡೆ ಕಟ್ಟುತ್ತದೆ, ಕಂಪ್ರೆಸರ್‌ಗೆ ಹೋಗುವ ದಪ್ಪ ಕೊಳವೆಯೂ ಬೆಳ್ಳಗಾಗುತ್ತದೆ. ಅದನ್ನು ಚಾಕುವಿನಿಂದ ಕೆರೆಯಬೇಡಿ, ಒಂದು ತೂತು ಬಿದ್ದರೆ ಕಾಯಿಲ್ಲೇ ಹೋಯಿತು. ಕಂಪ್ರೆಸರ್ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿ, ಕರಗಿದ ಮೇಲೆ ಫಿಲ್ಟರ್ ನೋಡಿ.

ಬೆಲ್ಟ್ ಬಿಗುವಿಗೂ ಅಳತೆಯಿದೆ. ಎರಡು ಪುಲ್ಲಿಗಳ ನಡುವೆ 40 ಸೆಂಟಿಮೀಟರ್ ಇದ್ದರೆ ಮಧ್ಯದಲ್ಲಿ ಒತ್ತಿದಾಗ ಸುಮಾರು 6 ಮಿಲಿಮೀಟರ್ ತಗ್ಗಬೇಕು. ಸಡಿಲವಾದರೆ ಜಾರಿ ಸವೆಯುತ್ತದೆ, ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ. ಜೋಡಿ ಬೆಲ್ಟ್‌ನಲ್ಲಿ ಒಂದು ಹರಿದರೂ ಎರಡನ್ನೂ ಬದಲಿಸಿ, ಹೊಸದು ಒಂದೆರಡು ದಿನ ಓಡಿದ ಮೇಲೆ ಮತ್ತೆ ಬಿಗುವು ನೋಡಿ.

ಕರೆಂಟ್ ಲೈನ್ ಕೆಲಸ ನಡೆದ ಮೇಲೋ ಜನರೇಟರ್ ಬದಲಿಸಿದ ಮೇಲೋ ತೊಂದರೆ ಶುರುವಾಗಿದ್ದರೆ ಮೂರು ಫೇಸ್ ತಂತಿಗಳ ಕ್ರಮ ಅದಲು ಬದಲಾಗಿರಬಹುದು. ಬ್ಲೋವರ್ ಹಿಂದುಮುಂದಾಗಿ ತಿರುಗಿದರೂ ಗಾಳಿ ಅದೇ ಬಾಯಿಂದ ಬರುತ್ತದೆ, ಆದರೆ ತೀರಾ ಕಡಿಮೆ. ಆದ್ದರಿಂದ ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ಸ್ಕ್ರಾಲ್ ಎಂಬ ಬಗೆಯ ಕಂಪ್ರೆಸರ್ ಮಾತ್ರ ಜೋರು ಸದ್ದು ಮಾಡುತ್ತದೆ, ಒತ್ತಡವನ್ನೇ ಕಟ್ಟುವುದಿಲ್ಲ. ಮೂರು ಫೇಸ್‌ಗಳ ವೋಲ್ಟೇಜ್ ವ್ಯತ್ಯಾಸ ಶೇ 2 ಮೀರಬಾರದು. ಶೇ 3.5 ಆದರೆ ಮೋಟಾರಿನ ವೈಂಡಿಂಗ್ (ತಂತಿ ಸುರುಳಿ) ಬಿಸಿ ಸುಮಾರು ಕಾಲು ಭಾಗ ಹೆಚ್ಚುತ್ತದೆ.

ಇಷ್ಟೆಲ್ಲ ಸರಿಯಿದ್ದೂ ತಂಪಿಲ್ಲ, ಒತ್ತಡ ಎರಡೂ ಕಡೆ ಕಡಿಮೆ ಎಂದಾಗ ಗ್ಯಾಸ್ ಸೋರಿದೆ ಎನ್ನಿ. ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುವುದರಿಂದ ಸೋರುವ ಜಾಗದಲ್ಲಿ ಜಿಡ್ಡು, ಜಿಡ್ಡಿನ ಮೇಲೆ ಕಪ್ಪು ಧೂಳು ಕಾಣುತ್ತದೆ. ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಬೆಸುಗೆ ಹಾಕಿ, ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಪರೀಕ್ಷಿಸಿ, ಒಳಗಿನ ಗಾಳಿ, ತೇವ ಹೋಗುವಂತೆ 500 ಮೈಕ್ರಾನ್‌ವರೆಗೆ (ವ್ಯಾಕ್ಯೂಮಿನ ಅಳತೆ) ವ್ಯಾಕ್ಯೂಮ್ ಎಳೆದು, ಯಂತ್ರದ ಫಲಕದಲ್ಲಿ ಬರೆದಿರುವ ತೂಕದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಆರ್-410ಎ ಎರಡು ಗ್ಯಾಸ್‌ಗಳ ಮಿಶ್ರಣ, ಅದನ್ನು ದ್ರವರೂಪದಲ್ಲೇ ಬಿಡಬೇಕು. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿ ಬಿಲ್ ಕೊಡುವವರಿಗೆ ಹಣ ಕೊಡಬೇಡಿ.

ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೆಲಸ ಉಳಿದಿರುತ್ತದೆ. ಹಾಲ್‌ನ ಗಾಳಿಯನ್ನು ತಂಪಾಗಿಸುವ ಕಾಯಿಲ್ ಕೆಳಗಿನ ತಟ್ಟೆಯಿಂದ ಹೊರಬರುವ ಡ್ರೈನ್ ಪೈಪಿನಲ್ಲಿ ಯು ಆಕಾರದ ಬಾಗು ಇರುತ್ತದೆ. ಬ್ಲೋವರ್ ಗಾಳಿಯನ್ನು ಒಳಕ್ಕೆ ಎಳೆಯುವುದರಿಂದ, ಆ ಬಾಗಿನಲ್ಲಿ ನೀರು ನಿಂತಿಲ್ಲದಿದ್ದರೆ ಹೊರಗಾಳಿ ಪೈಪಿನ ಮೂಲಕ ನುಗ್ಗಿ ತಟ್ಟೆಯ ನೀರನ್ನು ಇಳಿಯಗೊಡುವುದಿಲ್ಲ. ಫೆಬ್ರುವರಿ-ಮಾರ್ಚ್‌ನ ಒಣಹವೆಯಲ್ಲಿ ಕಾಯಿಲ್‌ನಿಂದ ನೀರೇ ಇಳಿಯದೆ ಬಾಗು ಒಣಗಿರುತ್ತದೆ. ಮೇ ತಿಂಗಳ ಮೊದಲ ಮಳೆ ಬಿದ್ದು ಹವೆ ತೇವವಾದ ದಿನವೇ ತಟ್ಟೆ ತುಂಬಿ, ಮದುವೆ ಮನೆಯ ಫಾಲ್ಸ್ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುತ್ತದೆ. ಏಪ್ರಿಲ್‌ನಲ್ಲೇ ತಾರಸಿಗೆ ಹತ್ತಿ, ಬಾಗಿನ ಪಾಚಿ ತೆಗೆದು, ತಟ್ಟೆಗೆ ಒಂದು ಚೊಂಬು ನೀರು ಸುರಿಯಿರಿ; ಬ್ಲೋವರ್ ಓಡುತ್ತಿರುವಾಗಲೇ ಆ ನೀರು ಪೈಪಿನ ತುದಿಯಿಂದ ಹೊರಗೆ ಬೀಳುತ್ತದೆಯೇ ನಿಂತು ನೋಡಿ.