ಒಂದು ಮಿಲಿಮೀಟರ್ ದಪ್ಪದ ಹೃದಯಸ್ನಾಯು

ಪೆಟ್ರಿ ತಟ್ಟೆಯ ತಳಕ್ಕೆ ಅಂಟಿ ಬೆಳೆದ ಚರ್ಮದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೈಕಾಲು ಚಾಚಿ ಮಲಗಿದಂತಿರುತ್ತವೆ. ಮೇಲೆ ಒಂದಿಷ್ಟು ಟ್ರಿಪ್ಸಿನ್ ಕಿಣ್ವ ಹಾಕಿ ಕಾಯಬೇಕು. ಒಂದೊಂದೂ ಅಂಚನ್ನು ಒಳಗೆಳೆದುಕೊಂಡು ಗುಂಡಗಾಗುತ್ತದೆ. ಆಮೇಲೆ ತಟ್ಟೆಯನ್ನು ಮೆಲ್ಲಗೆ ತಟ್ಟಿದರೆ ಸಾಕು, ಎಲ್ಲವೂ ದ್ರವದಲ್ಲಿ ತೇಲುತ್ತವೆ. ಕೃತಕ ಅಂಗಾಂಶ ಕಟ್ಟುವವರ ಕಚ್ಚಾಮಾಲು ಇದೇ.

ಇವುಗಳಲ್ಲಿ ಒಂದನ್ನು ಹಿಡಿದು ಬೇಕಾದ ಕಡೆ ಇಡಲು ಬೆಳಕೇ ಸಾಕು. ತೀರ ಸಣ್ಣ ಬಿಂದುವಿಗೆ ಕೂಡಿಸಿದ ಲೇಸರ್ ಕಿರಣ ಪಾರದರ್ಶಕ ಕಣವನ್ನು ತನ್ನ ನಡುವಿಗೆ ಎಳೆದುಕೊಳ್ಳುತ್ತದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಆರ್ಥರ್ ಆಶ್ಕಿನ್ ಹಸಿರು ಲೇಸರಿನಲ್ಲಿ ಬ್ಯಾಕ್ಟೀರಿಯಾ ಹಿಡಿದಾಗ ಅವು ಸತ್ತುಹೋದವು. ಕೋಶಗಳು ಅಷ್ಟಾಗಿ ಹೀರಿಕೊಳ್ಳದ ಇನ್‌ಫ್ರಾರೆಡ್ ಬೆಳಕಿಗೆ ಬದಲಾಯಿಸಿದ ಮೇಲೆ, 1987ರಲ್ಲಿ, ಬ್ಯಾಕ್ಟೀರಿಯಾ ಬೆಳಕಿನ ಹಿಡಿತದಲ್ಲೇ ಒಂದು ಎರಡಾದವು. ಬೆಳಕಿನ ಈ ಚಿಮಟಕ್ಕೆ ನೊಬೆಲ್ ಬಂದದ್ದು 2018ರಲ್ಲಿ. ಆಗ ಆಶ್ಕಿನ್ ಅವರಿಗೆ 96 ವರ್ಷ.

ಹಾಗಾದರೆ ಇಟ್ಟಿಗೆ ಜೋಡಿಸಿದಂತೆ ಜೋಡಿಸಬಹುದಲ್ಲ? ಲೆಕ್ಕ ಹಾಕೋಣ. ಕೋಶವೊಂದರ ಅಗಲ 20 ಮೈಕ್ರೋಮೀಟರ್ ಎಂದಿಟ್ಟುಕೊಂಡರೆ, ಸಕ್ಕರೆ ಬಿಲ್ಲೆಯಷ್ಟು, ಅಂದರೆ ಒಂದು ಘನ ಸೆಂಟಿಮೀಟರ್ ಅಂಗಾಂಶಕ್ಕೆ 12.5 ಕೋಟಿ ಕೋಶ ಬೇಕು. ಸೆಕೆಂಡಿಗೊಂದರಂತೆ ಹಗಲೂ ರಾತ್ರಿ ಇಟ್ಟರೂ ಹತ್ತಿರ ಹತ್ತಿರ 4 ವರ್ಷ. ಮೊದಲಿಟ್ಟವು ಅಷ್ಟು ದಿನ ಇಟ್ಟಲ್ಲೇ ಕೂತಿರುತ್ತವೆಯೇ? ಖಂಡಿತ ಇಲ್ಲ.

ಕೋಶಗಳಿಗೆ ತಮ್ಮದೇ ಓಡಾಟವಿದೆ. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ ಸ್ಪಂಜು ಪ್ರಾಣಿಯನ್ನು ತೆಳುಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಕೋಶಗಳಾಗಿಸಿದ. ನೀರಿನ ತಳದಲ್ಲಿ ಬಿದ್ದ ಆ ಪುಡಿ ತೆವಳಿ, ಒಂದನ್ನೊಂದು ತಾಕಿ, ಗಂಟುಗಟ್ಟಿ ಮತ್ತೆ ಸ್ಪಂಜಾಯಿತು! ಕೋಶದ ಮೈಮೇಲಿರುವ ಅಂಟು ಪ್ರೋಟೀನುಗಳೇ ಅದರ ನೆರೆಹೊರೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ.

ಇಲ್ಲೇ ಟ್ರಿಪ್ಸಿನ್‌ನ ತಂಟೆ. ಅದು ಕತ್ತರಿಸುವುದು ಈ ಅಂಟನ್ನೇ. ಕೋಶ ಎತ್ತಿಕೊಳ್ಳುವ ಅವಸರದಲ್ಲಿ ಅವು ಕಟ್ಟಿಕೊಂಡಿದ್ದ ನಂಟನ್ನೆಲ್ಲ ಹರಿದು ಹಾಕಿ, ಮತ್ತೆ ಜೋಡಿಸಲು ಪರದಾಡುತ್ತೇವೆ. ಟೋಕಿಯೋದ ವಿಜ್ಞಾನಿ ತೆರುಒ ಒಕಾನೊ ಹಿಡಿದ ದಾರಿ ನನಗೆ ಲೇಸರಿಗಿಂತ ಜಾಣತನದ್ದಾಗಿ ಕಾಣುತ್ತದೆ. ಅವರು ತಟ್ಟೆಯ ತಳಕ್ಕೆ ಲೇಪಿಸಿದ ಪಾಲಿಮರ್ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶಗಳನ್ನು ಹಿಡಿದಿರುತ್ತದೆ. 32ರ ಕೆಳಗಿಳಿಸಿದರೆ ನೀರು ಹೀರಿ ಉಬ್ಬಿ ಕೈಬಿಡುತ್ತದೆ. ಕೋಶಗಳ ಪದರ ಹಾಳೆಯಂತೆ ಇಡಿಯಾಗಿ ಮೇಲೇಳುತ್ತದೆ, ಅಂಟು ಹಾಗೇ ಉಳಿದಿರುತ್ತದೆ. ಹೃದಯಕೋಶಗಳ ಇಂಥ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿದರೆ ಎಲ್ಲವೂ ಒಂದೇ ತಾಳಕ್ಕೆ ಮಿಡಿಯತೊಡಗುತ್ತವೆ.

ಆದರೆ ಪೇರಿಸುತ್ತಲೇ ಹೋಗುವಂತಿಲ್ಲ. ರಕ್ತನಾಳದಿಂದ 200 ಮೈಕ್ರೋಮೀಟರ್ ಆಚೆಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ, ಒಳಗಿನ ಕೋಶಗಳು ಸಾಯುತ್ತವೆ. ಹಾಗಾಗಿ ಒಕಾನೊ ಅವರ ತಂಡ ಇಲಿಯ ಮೈಯಲ್ಲಿ ಮೂರೇ ಪದರ ಕೂರಿಸಿ, ಅದರೊಳಕ್ಕೆ ರಕ್ತನಾಳಗಳು ತಾವಾಗಿ ಚಿಗುರಲು ಒಂದೆರಡು ದಿನ ಬಿಟ್ಟು, ಮೇಲೆ ಮತ್ತೆ ಮೂರು ಪದರ ಕೂರಿಸಿತು. ಹೀಗೆ 10 ಸಲ ಮಾಡಿದ ಮೇಲೆ ಸಿಕ್ಕಿದ್ದು ಮಿಡಿಯುವ ಸ್ನಾಯು, ದಪ್ಪ ಸುಮಾರು 1 ಮಿಲಿಮೀಟರ್.